ಹನ್ನೆರಡು ಗ್ಲಾಸು, ಹನ್ನೆರಡು ಚುಕ್ಕೆ

ಮೊನ್ನೆ ಭಾನುವಾರ ಸಂಜೆ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಫ್ಯಾನಿನ ಗಾಳಿಗೆ ಆ ವಾಸನೆ ತೇಲಿ ಬಂತು ನೋಡಿ... ಮೂಗಿಗೆ ಚುರ್ ಎನ್ನುವ, ಸ್ವಲ್ಪ ಸಿಹಿ, ಸ್ವಲ್ಪ ಸ್ಪಿರಿಟ್ಟು. ಕೈ ಮೊರದಲ್ಲೇ ನಿಂತುಹೋಯಿತು. ಬೇರೆಯವರಿಗೆ ಅದು ನೇಲ್ ಪಾಲಿಶ್. ನನ್ನ ಕಾಲದ ಟೈಪಿಸ್ಟುಗಳ ಮೂಗಿಗೆ ಅದು ಸ್ಟೆನ್ಸಿಲ್ ಹಾಳೆಯ ಮೇಲೆ ತಪ್ಪು ಮುಚ್ಚುತ್ತಿದ್ದ ಕೆಂಪು ದ್ರವದ ವಾಸನೆ.

ಈಗಿನವರಿಗೆ ಹೇಳಬೇಕಾಗುತ್ತದೆ. ಆಗ ಝೆರಾಕ್ಸ್ ಅಂದರೆ ದೊಡ್ಡ ಮಾತು. ಒಂದೇ ಕಾಗದದ ನೂರು ಪ್ರತಿ ಬೇಕೆಂದರೆ ಮೇಣ ಹಚ್ಚಿದ ಸ್ಟೆನ್ಸಿಲ್ ಹಾಳೆಯನ್ನು ಟೈಪ್‌ರೈಟರಿಗೆ ಏರಿಸಿ, ರಿಬ್ಬನ್ ಇಲ್ಲದೆ ಬರೀ ಅಚ್ಚಿನಿಂದ ಅಕ್ಷರ ಕೊರೆಯಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಪುಟ್ಟ ಬಾಟಲಿಯ ಕುಂಚದಿಂದ ಆ ಕೆಂಪು ದ್ರವ ಸವರಿ, ಉಫ್ ಉಫ್ ಎಂದು ಊದಿ, ಒಣಗಿದ ಮೇಲೆ ಅಲ್ಲೇ ಮತ್ತೆ ಕುಟ್ಟುವುದು. ತಪ್ಪು ಇತ್ತೆಂದು ಅಚ್ಚಾದ ಪ್ರತಿ ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ.

"ಅಮ್ಮಾ, ಬುಧವಾರ ನಮ್ಮ ಆಫೀಸಲ್ಲಿ ಮತ್ತೆ ಆ ಪ್ರೋಗ್ರಾಂ ಇದೆ ನಾ," ಅಂದಳು ಮಗಳು, ಉಗುರಿನಿಂದ ಕಣ್ಣೆತ್ತದೆ. ಅವಳು ಅಂಧೇರಿಯಲ್ಲೇ ಒಂದು ದೊಡ್ಡ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾಳೆ. ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ಭಾಷೆಯವರು ಒಂದೇ ಅಂತ ವರ್ಷಕ್ಕೊಂದು ದಿನ ಬಣ್ಣಬಣ್ಣದ ಪೋಸ್ಟರು ಅಂಟಿಸಿ, ಕೇಕು ಕತ್ತರಿಸುತ್ತಾರಂತೆ. ಹೋದ ವರ್ಷ ಅಲ್ಲಿ ಇವಳು ನನ್ನ ಹಳೆಯ ಆಫೀಸಿನ ಆಪಾನ ಕತೆ ಹೇಳಿ ಭರ್ತಿ ಚಪ್ಪಾಳೆ ಗಿಟ್ಟಿಸಿದ್ದಳು. "ಈ ಸಲ ಫುಲ್ ಸ್ಟೋರಿ ಬೇಕಂತೆ. ಆಮೇಲೆ ಅವರು ಏನಾದ್ರು?"

"ರಿಟೈರ್ ಆದರು," ಅಂದೆ.

ಹಸೀ ಸುಳ್ಳು. ಮೂವತ್ತು ವರ್ಷ ಮೀರಿದರೂ ನಾಲಿಗೆಗೆ ಅದೇ ಚಾಳಿ. ಅಕ್ಕಿಯನ್ನು ಅಲ್ಲೇ ಬಿಟ್ಟು ಒಳಕ್ಕೆ ಹೋಗಿ ಮಂಚದ ಮೇಲೆ ಕೂತೆ. ಮೂರು ದಿನದಿಂದ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಮೈಸೂರಿನಿಂದ ಭಾಂಡುಪ್‌ಗೆ ಬಂದವಳು ನಾನು. ಟೈಪಿಂಗ್ ಸೀನಿಯರ್ ಪಾಸಾಗಿತ್ತು, ಹಿಂದಿ ಅಷ್ಟಕ್ಕಷ್ಟೇ, ಮರಾಠಿ ಸೊನ್ನೆ. ಅಂಧೇರಿ ಪೂರ್ವದ ಒಂದು ಔಷಧಿ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಬೇಕೆಂದು ಪೇಪರಿನಲ್ಲಿ ನೋಡಿ ಹೋದೆ. ಪರೀಕ್ಷೆ ತೆಗೆದುಕೊಂಡವರು ಟೈಪಿಂಗ್ ಸೆಕ್ಷನ್ನಿನ ಸೂಪರ್‌ವೈಸರ್. ಎಣ್ಣೆಗಪ್ಪು, ಗಟ್ಟಿ ಮೈಕಟ್ಟು, ದಪ್ಪ ಫ್ರೇಮಿನ ಕನ್ನಡಕ, ಕಾಟನ್ ಸೀರೆ. ಬಸ್ಸಿನಲ್ಲಿ, ರಸ್ತೆಯಲ್ಲಿ ಮಾತ್ರ ಸೆರಗು ತಲೆಯ ಮೇಲೆ. ಆಫೀಸಿನ ಮೆಟ್ಟಿಲು ಹತ್ತುತ್ತಲೇ ಅದು ಸೊಂಟಕ್ಕೆ ಬಿಗಿಯುತ್ತಿತ್ತು. ರತ್ನಾಗಿರಿ ಕಡೆಯವರು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಕುರ್ಲಾದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಸಾಹೇಬರಿಂದ ಹಿಡಿದು ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಅಕ್ಕ ಎಂದರ್ಥ.

ಟೈಪ್ ಮಾಡಿದ್ದನ್ನು ನೋಡಿ ಸರಿ ಎಂದರು. ಆಮೇಲೆ ಅದನ್ನೇ ನಿಂತು ಓದು ಎಂದರು. ನಾನು ಹೆದರಿ ಗುಸುಗುಸು ಓದಿದೆ. "ಜೋರ್ ಸೇ ಪಢೋ ಬೇಟಾ, ಪೀಛೇ ಬೈಠನೇವಾಲೋಂಕೋ ಭೀ ಸುನ್ನಾ ಹೈ," ಅಂದರು. ಹಿಂದೆ ಕೂತವರಿಗೂ ಕೇಳಬೇಕು. ಕುಟ್ಟಿದ್ದನ್ನು ಗಟ್ಟಿಯಾಗಿ ಓದಿದರೆ ತಪ್ಪು ತಾನೇ ಎದ್ದು ಕಾಣುತ್ತದೆ ಎನ್ನುವುದು ಅವರ ಕೆಲಸದ ಪದ್ಧತಿ. ನಮ್ಮ ಸೆಕ್ಷನ್ನಿನಿಂದ ಯಾವ ಕಾಗದವೂ ಹಾಗೆ ಓದದೆ ಹೊರಗೆ ಹೋಗುತ್ತಿರಲಿಲ್ಲ.

ಭಾಂಡುಪ್‌ನಿಂದ ಲೋಕಲ್ ರೈಲಿನಲ್ಲಿ ಹೊರಟವಳಿಗೆ ಘಾಟ್ಕೋಪರಿನಲ್ಲಿ ಇಳಿದು ಬಸ್ಸು ಹಿಡಿಯುವುದು ಹತ್ತಿರ. ಆದರೂ ನಾನು ಕುರ್ಲಾದವರೆಗೆ ಹೋಗಿ ಇಳಿಯುತ್ತಿದ್ದೆ. ಅಲ್ಲಿ ಅಂಧೇರಿ ಬಸ್ಸಿನ ಕ್ಯೂನಲ್ಲಿ ಆಪಾ ನನಗಾಗಿ ಛತ್ರಿ ಅಡ್ಡ ಹಿಡಿದು ಜಾಗ ಕಾದಿರಿಸಿರುತ್ತಿದ್ದರು. ಹಿಂದಿನವರು ಗಲಾಟೆ ಮಾಡಿದರೆ ರತ್ನಾಗಿರಿ ಮರಾಠಿಯಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದರು. ರಂಜಾನ್ ತಿಂಗಳಿನಲ್ಲಿ ತುಟಿ ಒಣಗಿ ಬಿರಿದಿದ್ದರೂ ಛತ್ರಿ ಮಾತ್ರ ಅಲ್ಲೇ ಇರುತ್ತಿತ್ತು. ಅಷ್ಟು ವರ್ಷದಲ್ಲಿ ಆ ಬಸ್ಸಿನಲ್ಲಿ ನಾನು ನಿಂತು ಹೋದದ್ದು ಬಲು ಕಡಿಮೆ.

ಆಫೀಸಿನಲ್ಲಿ ನನ್ನ ಹೆಸರು ಮದ್ರಾಸಿ. ಮೈಸೂರೆಲ್ಲಿ ಮದ್ರಾಸೆಲ್ಲಿ ಎಂದು ವಾದಿಸಲು ಹೋಗಿ ಇನ್ನಷ್ಟು ನಗೆಪಾಟಲಾದೆ. ನಾನು ಫೋನೆತ್ತಿದರೆ ನನ್ನ ಹಿಂದಿ ಮರಾಠಿಯನ್ನು ಅಣಕಿಸಿ ಎರಡು ಟೇಬಲ್ ಆಚೆ ನಗು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಒಂದು ದಿನ ಸಾಹೇಬರ ಮೇಜಿನ ಟ್ರೇಯಲ್ಲಿ ಹೆಸರಿಲ್ಲದ ಚೀಟಿ ಸಿಕ್ಕಿತು. ಈ ಊರಿನ ಹುಡುಗಿಯರಿಗೆ ಕೆಲಸವಿಲ್ಲ, ಭಾಷೆ ಬಾರದ ಮದ್ರಾಸಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ, ತೆಗೆಯಿರಿ ಅಂತ. ನಾನು ಕಾಯಂ ಆಗಬೇಕಾದ ತಿಂಗಳು ಅದು.

ಸಾಹೇಬರು ಕೆಟ್ಟವರಲ್ಲ, ಪುಕ್ಕಲರು. ಆಫೀಸಿನ ಆಡಳಿತವೆಲ್ಲ ಅವರದು. ಮೊದಲು ಕೆಲಸಕ್ಕೆ ಸೇರಿದಾಗ ಕಾಗದ ಬರೆಯುವುದನ್ನು ಅವರಿಗೆ ಕಲಿಸಿದವರು ಇದೇ ಆಪಾ. "ಸ್ವಲ್ಪ ದಿನ ತಡೆಯೋಣ," ಎಂದರಂತೆ ಸಾಹೇಬರು. ಆಪಾ ಆ ಚೀಟಿ ಹಿಡಿದುಕೊಂಡು ಊಟದ ಕೋಣೆಗೆ ಬಂದರು. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಇನ್ನೊಂದು ಖಾಲಿ ಕುರ್ಚಿ ಎಳೆದಿಟ್ಟರು. "ಜಿಸ್‌ನೇ ಲಿಖಾ ಹೈ, ಇಸ್‌ಕೇ ಸಾಮ್ನೇ ಬೈಠ್ ಕೇ ಪಢೇ." ಬರೆದವರು ಇವಳ ಎದುರಿಗೆ ಕೂತು ಓದಲಿ ಎಂದರು. ಊಟದ ಹೊತ್ತೆಲ್ಲಾ ಆ ಕುರ್ಚಿ ಖಾಲಿಯೇ ಇತ್ತು. ಡಬ್ಬಿ ಮುಚ್ಚುವಾಗ ಆಪಾ ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿದರು, ನಾನು ಕಾಯಂ ಆದೆ.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ಆಪಾ ಹೇಗಾದಾರು. ಸಾಹೇಬರನ್ನು ವಾರಗಟ್ಟಲೆ ಪೀಡಿಸಿ ಒಂದು ನಿಯಮವನ್ನೇ ಮಾಡಿಸಿದರು. ಯಾರ ಮೇಲೆ ಯಾವ ದೂರು ಬಂದರೂ ಬರೆದವರು ಅದನ್ನು ಅವರ ಎದುರು ಕೂತು ಗಟ್ಟಿಯಾಗಿ ಓದಬೇಕು. ಕೇಳಿಸಿಕೊಂಡವರು ಅದರ ಕೆಳಗೆ 'ಕೇಳಿದೆ' ಎಂದು ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ಅದು ದೂರೇ ಅಲ್ಲ. ಆ ನೋಟೀಸಿನ ಸ್ಟೆನ್ಸಿಲ್ ಕೊರೆದವಳು ನಾನು. ಎರಡು ಕಡೆ ಕೆಂಪು ದ್ರವ ಸವರಿದ್ದೆ. ಆಮೇಲೆ ಆಫೀಸಿನಲ್ಲಿ ಮದ್ರಾಸಿ ಎನ್ನುವ ಮಾತೇ ನಿಂತುಹೋಯಿತು. ಕನಿಷ್ಠ ನನ್ನ ಕಿವಿಗೆ ಬೀಳುವ ಹಾಗೆ ಯಾರೂ ಅನ್ನಲಿಲ್ಲ.

ಇಲ್ಲಿಯವರೆಗೆ ನಾನು ಪಾಪದವಳು. ಮುಂದಿನದನ್ನು ಕೇಳಿ.

ನಮ್ಮ ಆಫೀಸಿನ ಕಸ ಗುಡಿಸಿ ಕಕ್ಕಸು ತೊಳೆಯಲು ನಾಗವ್ವ ಎಂಬವಳಿದ್ದಳು. ಗುಲ್ಬರ್ಗ ಕಡೆಯವಳು, ಕುರ್ಲಾದ ಝೋಪಡಪಟ್ಟಿಯಲ್ಲಿ ಮನೆ. ಇಡೀ ಆಫೀಸಿನಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಅವಳು ಮೊದಲ ದಿನವೇ ಪೊರಕೆ ಬದಿಗಿಟ್ಟು, "ಅಕ್ಕಾರ, ನಮ್ಮ ಮಂದಿ ಏನ್ರಿ ನೀವು?" ಎಂದು ಕಣ್ಣರಳಿಸಿ ಕೇಳಿದ್ದಳು. ನಾನು ಹಿಂದಿಯಲ್ಲಿ ಹಾಂ ಎಂದು ಮುಖ ತಿರುಗಿಸಿದ್ದೆ. ಆಮೇಲೂ ಅವಳೊಂದಿಗೆ ನನ್ನದು ಹಿಂದಿಯೇ. ನನ್ನ ಹರಕು ಹಿಂದಿಗೆ ಮಂದಿ ನಗುತ್ತಾರೆಂದು ಅಳುತ್ತಿದ್ದವಳು, ಅವಳ ಕನ್ನಡಕ್ಕೆ ಅದೇ ಹರಕು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ!

ನಾಗವ್ವನ ಚಹಾದ ಗ್ಲಾಸು ಊಟದ ಕೋಣೆಯ ಕಿಟಕಿಯ ಸರಳಿನ ಆಚೆ ಇರುತ್ತಿತ್ತು. ಅವಳು ಅದನ್ನು ಹಿಡಿದರೆ ಮೇಲಿನಿಂದ ಹೊಯ್ಯುವುದು. ಕೂರುವುದು ಮೆಟ್ಟಿಲ ಮೇಲೆ. ಯಾವಾಗಿನಿಂದ ಹಾಗೆ ಎಂದು ಯಾರೂ ಕೇಳಿದವರಿಲ್ಲ. ನಾನಂತೂ ಎಲ್ಲರಿಗಿಂತ ಒಂದು ಕೈ ಮೇಲು. ಮನೆಯಿಂದ ನನ್ನದೇ ಲೋಟ ತರುತ್ತಿದ್ದೆ. ಈದ್ ಹಬ್ಬಕ್ಕೆ ಆಪಾ ಎಲ್ಲರಿಗೂ ಮನೆಯಲ್ಲಿ ಮಾಡಿದ ಶಾವಿಗೆಯ ಶೀರ್ ಖುರ್ಮಾ ತರುತ್ತಿದ್ದರು, ನನಗೆ ಮಾತ್ರ ಅಂಗಡಿಯ ದಾರ ಬಿಚ್ಚದ ಪೆಟ್ಟಿಗೆಯಲ್ಲಿ ಕೊಬ್ಬರಿ ಮಿಠಾಯಿ. ನನ್ನ ಮಡಿ ಅವರಿಗೆ ಅರ್ಥವಾಗಿತ್ತು. ನಾನು ಅದನ್ನು ಅವರ ದೊಡ್ಡತನ ಎಂದುಕೊಂಡು ತಿಂದೆ.

ಒಂದು ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಆಪಾ ಒಂದು ಹಾಳೆ ಹಿಡಿದು ಎದ್ದು ನಿಂತರು. ದೂರು ಓದುತ್ತೇನೆ ಎಂದರು. ದೂರು ಊಟದ ಕೋಣೆಯ ಎಲ್ಲ ಹೆಂಗಸರ ಮೇಲೆ, ಮೊದಲ ಹೆಸರು ಆಪಾನದ್ದೇ. ಇಷ್ಟು ವರ್ಷದಿಂದ ಕಿಟಕಿಯಲ್ಲಿ ಒಂದು ಗ್ಲಾಸು ನೋಡುತ್ತಿದ್ದೇನೆ, ನೋಡಿ ಚಹಾ ಕುಡಿದು ಎದ್ದು ಹೋಗಿದ್ದೇನೆ, ಎಂದು ಓದಿದರು. ಆಮೇಲೆ ಒಬ್ಬೊಬ್ಬರ ಹೆಸರು. ನನ್ನದು ಬಂದಾಗ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಇವಳು ಆ ಹೆಂಗಸಿನ ಭಾಷೆ ಬಲ್ಲವಳು, ಬಂದ ದಿನದಿಂದ ಒಂದು ಮಾತು ಆಡಿಲ್ಲ. ಅಷ್ಟೇ. ಮೆಟ್ಟಿಲ ಮೇಲೆ ನಾಗವ್ವ ತಲೆ ತಗ್ಗಿಸಿ ಕೂತಿದ್ದಳು. ನಾವೆಲ್ಲ ಸಾಲಾಗಿ 'ಕೇಳಿದೆ' ಎಂದು ಬರೆದು ಸಹಿ ಹಾಕಿದೆವು. ಮೈಯೆಲ್ಲ ಉರಿಯುತ್ತಿತ್ತು ನನಗೆ, ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಇವರಿಗ್ಯಾಕೆ ನಮ್ಮ ಉಸಾಬರಿ ಎಂದುಕೊಂಡೆ. 'ನಮ್ಮ' ಎಂದರೆ ಯಾರ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಹನ್ನೆರಡು ಹೊಸ ಸ್ಟೀಲ್ ಗ್ಲಾಸು ಬಂದವು. ನಾವು ಹನ್ನೊಂದು, ನಾಗವ್ವ ಸೇರಿ ಹನ್ನೆರಡು. ಎಲ್ಲವೂ ಒಂದೇ ತೆರ, ತೊಳೆದು ಒಂದೇ ಟ್ರೇಯಲ್ಲಿ ಬೋರಲು. ಯಾರಿಗೆ ಯಾವುದು ಸಿಕ್ಕಿತೋ ಅದು. ನಾನು ಎರಡು ದಿನ ತಲೆನೋವೆಂದು ಚಹಾ ಬಿಟ್ಟೆ. ಮೂರನೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಒಂದು ಗ್ಲಾಸಿನ ತಳಕ್ಕೆ ನನ್ನ ಬಾಟಲಿಯ ಕೆಂಪು ದ್ರವದಿಂದ ಒಂದು ಚುಕ್ಕೆ ಇಟ್ಟೆ. ನೀರಿಗೆ ಹೋಗುವ ಬಣ್ಣವಲ್ಲ ಅದು. ದಿನಾ ನಾನೇ ಮೊದಲು ಹೋಗಿ ಚುಕ್ಕೆಯ ಗ್ಲಾಸು ಎತ್ತಿಕೊಳ್ಳುತ್ತಿದ್ದೆ. ಎಂಥ ಜಾಣತನ ಅಂತೀರಿ! ಅಂಥ ಬುದ್ಧಿ ಟೈಪಿಸ್ಟಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು.

ಒಂದು ವಾರವಾಗಿರಬೇಕು. ಸೋಮವಾರ ಹೋಗಿ ಗ್ಲಾಸು ಮಗುಚಿ ನೋಡುತ್ತೇನೆ, ಚುಕ್ಕೆ ಇದೆ. ಪಕ್ಕದ್ದರಲ್ಲೂ ಇದೆ. ಅದರ ಪಕ್ಕದ್ದರಲ್ಲೂ. ಹನ್ನೆರಡಕ್ಕೂ ಒಂದೇ ಅಳತೆಯ ಕೆಂಪು ಚುಕ್ಕೆ. ಹಿಂದಕ್ಕೆ ತಿರುಗಿದರೆ ಆಪಾ ಬಾಗಿಲಲ್ಲಿ ನಿಂತು ತಮ್ಮ ಉಗುರಿಗೆ ಅಂಟಿದ್ದ ಕೆಂಪನ್ನು ಕೆರೆಯುತ್ತಿದ್ದರು. ಟ್ರೇಯಿಂದ ಒಂದು ಗ್ಲಾಸೆತ್ತಿ ನನ್ನ ಕೈಗೆ ಕೊಟ್ಟರು, ಚಹಾ ಹೊಯ್ದರು. ಕುಡಿದೆ. ಕುಡಿದರೆ ಏನಾಗುತ್ತದೆ ಎಂದು ಇಷ್ಟು ವರ್ಷ ಹೆದರಿದ್ದೆನೋ ಅದೇನೂ ಆಗಲಿಲ್ಲ, ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಆ ಸಂಜೆ ನಾಗವ್ವನನ್ನು ಕನ್ನಡದಲ್ಲಿ ಮಾತಾಡಿಸಿದೆ. ಆ ವರ್ಷದ ಈದ್‌ಗೆ ಆಪಾನ ಮನೆಯ ಶೀರ್ ಖುರ್ಮಾ ನನ್ನ ಡಬ್ಬಿಗೂ ಬಂತು.

ಮಗಳು ಆಫೀಸಿನಲ್ಲಿ ಹೇಳಿದ್ದು ಇದೇ ಕತೆ. ಚುಕ್ಕೆ ಇಟ್ಟವಳು ನಮ್ಮ ಆಫೀಸಿನ ಯಾರೋ ಒಬ್ಬ ಹೆಂಗಸು ಎಂದು ನಾನು ಅವಳಿಗೆ ಹೇಳಿದ್ದೆ.

ಅದಾದ ಮೇಲೆ ಆರೇಳು ವರ್ಷ ಚೆನ್ನಾಗಿತ್ತು. ಆಪಾ ಏನೇನೋ ಮಾಡಿಸಿದರು. ಬಸುರಿ ಹುಡುಗಿಯರಿಗೆ ಬೇಗ ಬಿಡುವ ಪದ್ಧತಿ, ನಾಗವ್ವನಿಗೆ ಬೀಗವಿರುವ ಪೆಟ್ಟಿಗೆ, ಪ್ಯಾಕಿಂಗ್‌ನ ಹೆಂಗಸರಿಗೂ ನಮ್ಮ ಜೊತೆ ಊಟದ ಕೋಣೆ. ನನ್ನ ಮಗಳು ಹುಟ್ಟಿದ್ದು ಆ ವರ್ಷಗಳಲ್ಲೇ. ಅವಳ ನಾಮಕರಣಕ್ಕೆ ಭಾಂಡುಪ್‌ಗೆ ಬಂದು, ನನ್ನ ಅತ್ತೆ ಎಲ್ಲಿ ಮುಖ ಸಿಂಡರಿಸುತ್ತಾರೋ ಎಂದು ಬಾಗಿಲ ಹತ್ತಿರವೇ ಕೂತು ಮಗುವನ್ನು ಎತ್ತಿಕೊಂಡರು. ಆ ತೊಡೆಯ ಮೇಲೆ ಮಲಗಿದ್ದ ಕೂಸೇ ಈಗ ಅವರ ಕತೆ ಕೇಳುತ್ತಿರುವುದು.

ತೊಂಬತ್ತೆರಡರ ಡಿಸೆಂಬರ್ ಬಂತು.

ಆ ಹಿಂದೂ ಮುಸ್ಲಿಂ ಗಲಭೆಯಲ್ಲಿ ಏನಾಯಿತೆಂದು ಈ ಊರಿನಲ್ಲಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಕುರ್ಲಾ ಅಂಧೇರಿ ಬಸ್ಸು ನಿಂತಿತು. ಆಫೀಸು ಕೆಲದಿನ ಮುಚ್ಚಿತು, ತೆರೆಯಿತು, ಜನವರಿಯಲ್ಲಿ ಮತ್ತೆ ಮುಚ್ಚಿತು. ನಮ್ಮ ಕಾಲೊನಿಯ ಗೇಟಿನಲ್ಲಿ ಗಂಡಸರು ಸರದಿ ಕಾವಲು ನಿಂತರು. ಕಟ್ಟಡಗಳ ಕೆಳಗಿನ ಹೆಸರಿನ ಹಲಗೆಗಳನ್ನು ಜನ ರಾತ್ರೋರಾತ್ರಿ ಕಿತ್ತು ಒಳಗಿಟ್ಟುಕೊಂಡರು. ಆಪಾನ ಮನೆಯ ಕೆಳಗಿನ ಅಂಗಡಿಯ ಫೋನ್ ನಂಬರು ನನ್ನ ಹತ್ತಿರ ಇತ್ತು. ಮಾಡಲಿಲ್ಲ. ಲೈನು ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಡಯಲ್ ತಿರುಗಿಸಿ ನೋಡಿರಲಿಲ್ಲ.

ಆಫೀಸು ತೆರೆದ ಮೇಲೆ ಸಾಹೇಬರು ನನ್ನನ್ನು ಕರೆದರು. ಯಾರೋ ಬಂದು ಇಲ್ಲಿ ಅವರ ಪೈಕಿ ಯಾರ್ಯಾರು ಕೆಲಸ ಮಾಡುತ್ತಾರೆಂದು ಹೆಸರು ಕೇಳಿ ಹೋಗಿದ್ದರಂತೆ. ಕಿಟಕಿಗೆ ಕಲ್ಲು ಬಿದ್ದರೆ ಯಾರು ಹೊಣೆ? ಆಪಾ ತಾವಾಗಿ ಕೆಲಸ ಬಿಟ್ಟರೆ ಎಲ್ಲರಿಗೂ ಕ್ಷೇಮ. ಆದರೆ ಕಂಪನಿಯೇ ಹೇಳಿದ ಹಾಗೆ ಕಾಣಬಾರದು, ಸಿಬ್ಬಂದಿಯ ಕಡೆಯಿಂದ ಒಂದು ಕಾಗದ ಬರಬೇಕು. "ನೀನೇ ಬರೀ. ನಿನ್ನ ಮಾತು ಅಂದ್ರೆ ಅವರಿಗೆ ಬೇಜಾರಾಗಲ್ಲ," ಎಂದರು. ಸ್ವಲ್ಪ ತಡೆದು, ಸೆಕ್ಷನ್ ನೋಡಿಕೊಳ್ಳಲು ಇನ್ನು ಮುಂದೆ ಯಾರಾದರೂ ಬೇಕಲ್ಲ ಎಂದೂ ಸೇರಿಸಿದರು. ನಾನು ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆದೆ.

ಅವರು ಹೇಳಿದ್ದು ಮೂರೇ ಸಾಲು. ಪರಿಸ್ಥಿತಿ ಸರಿಯಿಲ್ಲ, ದಾರಿಯಲ್ಲಿ ಅಪಾಯವಿದೆ, ಅವರ ಸುರಕ್ಷತೆಯ ದೃಷ್ಟಿಯಿಂದ ಕೆಲಸ ಬಿಡುವುದು ಒಳಿತು. ಟೈಪ್ ಮಾಡಲು ಕೂತಾಗ ಅದು ಬರಡಾಗಿ ಕಂಡಿತು. ಓದುವವರಿಗೆ ನಯವಾಗಿರಲಿ ಎಂದು ನಾನೇ ಒಂದು ಮಾತು ಸೇರಿಸಿದೆ: 'ಹಾಗೂ ನಮ್ಮೆಲ್ಲರ ಮನಸ್ಸಿನ ನೆಮ್ಮದಿಗಾಗಿ.' ಹನ್ನೊಂದು ಜನರ ಸಹಿಯಲ್ಲಿ ಆಪಾನದ್ದು ಬಿಟ್ಟು ಹತ್ತು ಬಿದ್ದವು. ಕೆಲವರು ಅತ್ತುಕೊಂಡೇ ಹಾಕಿದರು. ಹಾಕಿದರಲ್ಲ, ಅಷ್ಟೇ. ಮೊದಲ ಸಹಿ ನನ್ನದು.

ನಾಗವ್ವನ ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ಹಿಡಿದುಕೊಂಡು ಹೋದೆ.

"ಏನ್ ಬರದದ್ರಿ ಅಕ್ಕಾರ ಇದ್ರಾಗ?" ಎಂದಳು.

"ಆಪಾನ ಒಳ್ಳೇದಕ್ಕೇ ಕಣೇ," ಎಂದೆ.

"ಆಪಾರ ಒಳ್ಳೇದಕ್ಕಂದ್ರ ಆಪಾರನ್ನ ಕೇಳ್ಬೇಕಲ್ರಿ? ನನಗ್ಯಾಕ್ ಕೇಳ್ತೀರಿ?" ಎನ್ನುತ್ತಾ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನಾ ಒಲ್ಲೆರಿ. ಬೇಕಾರ ನನ್ನ ಕೆಲಸ ತಗೀರಿ."

ಜನವರಿ ಮುಗಿಯುವ ಹೊತ್ತಿಗೆ ಆಪಾ ಬಂದರು. ಅರ್ಧ ದಾರಿ ನಡೆದು ಬಂದಿದ್ದರು, ಚಪ್ಪಲಿಯ ಒಂದು ಬಾರು ಕಿತ್ತು ಪಿನ್ನು ಚುಚ್ಚಿತ್ತು. ಎಷ್ಟು ಇಳಿದುಹೋಗಿದ್ದರು! ನನ್ನನ್ನು ನೋಡಿದ ಕೂಡಲೇ, "ಬೇಬಿ ಠೀಕ್ ಹೈ ನಾ?" ಎಂದು ನನ್ನ ಮಗಳನ್ನು ವಿಚಾರಿಸಿದರು. ಹ್ಞೂಂ ಎಂದೆ. ಸಾಹೇಬರು ಒಳಗೆ ಕರೆದು ಕಾಗದ ಕೊಟ್ಟರು. ಐದು ನಿಮಿಷಕ್ಕೆ ಹೊರಗೆ ಬಂದು ನೇರ ಊಟದ ಕೋಣೆಗೆ ಹೋದರು. ಎರಡು ಕುರ್ಚಿ ಎದುರುಬದುರು ಎಳೆದಿಟ್ಟು, ಒಂದರಲ್ಲಿ ಕೂತರು. ನೋಟೀಸು ಗೋಡೆಯ ಮೇಲೆ ಇನ್ನೂ ಇತ್ತು, ಅಂಚು ಹಳದಿಯಾಗಿತ್ತು.

ಯಾರು ಬರೆದದ್ದು ಎಂದು ಅವರು ಕೇಳಲಿಲ್ಲ. ಹತ್ತು ವರ್ಷ ಜೊತೆಗಿದ್ದ ಸೂಪರ್‌ವೈಸರಿಗೆ ಯಾವ ಮೆಷಿನ್ನಿನ ಯಾವ ಅಕ್ಷರ ಎಲ್ಲಿ ಕುಂಟುತ್ತದೆಂದು ಗೊತ್ತಿಲ್ಲವೇ? ನನ್ನ ಕಡೆ ಕಾಗದ ಚಾಚಿ, "ಪಢೋ," ಎಂದರು.

ಎದುರಿಗೆ ಕೂತೆ. ಎರಡು ಸಾಲು ಗುಸುಗುಸು ಓದಿದೆ.

"ಜೋರ್ ಸೇ, ಬೇಟಾ. ಪೀಛೇ ಬೈಠನೇವಾಲೋಂಕೋ ಭೀ ಸುನ್ನಾ ಹೈ."

ಓದಿದೆ. ಪೂರ್ತಿ ಓದಿದೆ. ಉಳಿದ ಒಂಬತ್ತು ಜನ ಗೋಡೆಗೆ ಆತು ನಿಂತಿದ್ದರು, ನಾಗವ್ವ ಬಾಗಿಲಲ್ಲಿ. ಮನಸ್ಸಿನ ನೆಮ್ಮದಿ ಎಂಬಲ್ಲಿ ಆಪಾ ಕೈಯೆತ್ತಿ ನಿಲ್ಲಿಸಿದರು. ಇದು ಸಾಹೇಬರ ಮಾತೋ ನಿನ್ನದೋ ಎಂದು ಕೇಳಿದರು. ಅವರಿಗೆ ಸಾಹೇಬರ ಬರವಣಿಗೆ ಚೆನ್ನಾಗಿ ಗೊತ್ತಿತ್ತು, ಕಲಿಸಿದವರೇ ಅವರು. ಒಂದು ಸಲ, ಒಂದೇ ಒಂದು ಸಲ ನನಗೆ ಅವಕಾಶ ಕೊಟ್ಟಿದ್ದರು...

"ಸಾಹೇಬರದ್ದು," ಎಂದೆ.

ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಕಾಲು ಹಿಡಿದುಬಿಡುತ್ತಿದ್ದೆನೋ ಏನೋ. ಕಾಗದ ತೆಗೆದುಕೊಂಡು ಕೆಳಗೆ 'ಕೇಳಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದರು. "ಅಚ್ಛಾ ಟೈಪ್ ಕಿಯಾ ಹೈ. ಏಕ್ ಭೀ ಗಲ್ತೀ ನಹೀಂ," ಎಂದರು. ಚೆನ್ನಾಗಿ ಕುಟ್ಟಿದ್ದೀಯ, ಒಂದೂ ತಪ್ಪಿಲ್ಲ. ಅವರು ನನಗೆ ಆಡಿದ ಕೊನೆಯ ಮಾತು ಅದು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದರು. ಆಫೀಸಿನ ಒಳಗೆ ಅವರು ತಲೆಯ ಮೇಲೆ ಸೆರಗು ಹೊದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾಗವ್ವ ಪೊರಕೆ ಬಿಸಾಕಿ ಹಿಂದೆ ಓಡಿದಳು, ಬಸ್ ಸ್ಟಾಪಿನವರೆಗೆ ಬಿಟ್ಟುಬರಲು. ನಾವು ನಮ್ಮ ನಮ್ಮ ಮೆಷಿನ್ನಿಗೆ ಹೋಗಿ ಕೂತೆವು. ರಿಟೈರಾಗಲು ಅವರಿಗೆ ಇನ್ನೂ ನಾಲ್ಕು ವರ್ಷವಿತ್ತು.

ಸೂಪರ್‌ವೈಸರ್ ಕುರ್ಚಿ ನನಗೆ ಬಂತು. ಮರುದಿನದಿಂದ ನಾನು ಘಾಟ್ಕೋಪರಿನಲ್ಲಿ ಇಳಿಯತೊಡಗಿದೆ. ಅದೇ ಹತ್ತಿರ ತಾನೇ? ಬಣ್ಣ ಹೊಡೆಯುವವರು ನೋಟೀಸು ಕಿತ್ತುಹಾಕಿದರು, ಮತ್ತೆ ಅಂಟಿಸಿ ಎಂದು ನಾನು ಹೇಳಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ತಮ್ಮ ತಮ್ಮ ಚಹಾ ಕಪ್ಪು ತಂದುಕೊಂಡರು. ಮಳೆಗಾಲದ ಹೊತ್ತಿಗೆ ಕಿಟಕಿಯ ಸರಳಿನ ಆಚೆ ಒಂದು ಗ್ಲಾಸು ಬಂದು ಕೂತಿತ್ತು, ತಳದಲ್ಲಿ ಕೆಂಪು ಚುಕ್ಕೆಯದು. ಸೂಪರ್‌ವೈಸರ್ ಆಗಿ ನಾನು ಅದನ್ನು ನೋಡಿದೆ, ಚಹಾ ಕುಡಿದು ಎದ್ದು ಹೋದೆ. ನಾಗವ್ವ ಆ ದೀಪಾವಳಿಗೆ ಕೆಲಸ ಬಿಟ್ಟಳು.

ಹತ್ತು ಹನ್ನೆರಡು ವರ್ಷ ಕಳೆದಿರಬಹುದು. ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಯಾರೋ ತೋಳು ಹಿಡಿದರು. ನಾಗವ್ವ, ತಲೆಯೆಲ್ಲಾ ನೆರೆತಿತ್ತು. ಆಪಾ ಆ ವರ್ಷವೇ ಮನೆ ಬಿಟ್ಟು ತಮ್ಮ ಜನರೇ ಇರುವ ಮುಂಬ್ರಾಗೆ ಹೋಗಿದ್ದರಂತೆ. ಅಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದರಂತೆ. ಇವಳು ಪ್ರತಿ ಈದ್‌ಗೆ ಹೋಗುತ್ತಿದ್ದಳಂತೆ. ಹೋದ ಚಳಿಗಾಲ ತೀರಿಕೊಂಡರಂತೆ.

ಕೇಳಬಾರದಿತ್ತು, ಕೇಳಿದೆ. "ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?"

ನಾಗವ್ವ ಯೋಚನೆ ಮಾಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು.

"ಇಲ್ರಿ ಅಕ್ಕಾರ. ನಿಮ್ಮ ಮಾತೇ ಎತ್ತಿದ್ದಿಲ್ರಿ."

ಇಷ್ಟನ್ನು ಬರೆದು ಮುಗಿಸಿದ್ದು ನೆನ್ನೆ ಮಂಗಳವಾರ. ಮಗಳು ಆಫೀಸಿನಿಂದ ಬಂದು ಕೈಕಾಲು ತೊಳೆದ ಮೇಲೆ ಎರಡು ಕುರ್ಚಿ ಎದುರುಬದುರು ಹಾಕಿ, ಬಾ ಕೂತ್ಕೋ ಎಂದೆ. ದೂರು ನನ್ನ ಮೇಲಿನದು, ಬರೆದವಳೂ ನಾನೇ. ನಿಯಮದಂತೆ ಗಟ್ಟಿಯಾಗಿ ಓದಿದೆ, ಮೊದಲಿಂದ ಕೊನೆಯವರೆಗೆ. ಚುಕ್ಕೆ ಯಾರು ಇಟ್ಟದ್ದು ಎನ್ನುವುದನ್ನೂ ಓದಿದೆ. ಅವಳು ಅರ್ಧದಿಂದ ಮೇಲೆ ನನ್ನ ಮುಖ ನೋಡಲಿಲ್ಲ, ಉಗುರು ನೋಡಿಕೊಳ್ಳುತ್ತಿದ್ದಳು.

"ಅಮ್ಮಾ," ಎಂದಳು ಕೊನೆಗೆ, ಮೆಲ್ಲಗೆ. "ಇದು ಆಫೀಸಲ್ಲಿ ಹೇಳಕ್ಕೆ ಆಗಲ್ಲ ನಾ. ಜನ ಅನ್‌ಕಂಫರ್ಟಬಲ್ ಆಗ್ತಾರೆ. ಹೋದ ವರ್ಷದ್ದೇ ಹೇಳ್ತೀನಿ ಬಿಡು, ಗ್ಲಾಸಿಂದು. ಅದೇ ಚೆನ್ನಾಗಿದೆ."

ಆಗಲಿ ಎಂದೆ. ಕುರ್ಚಿಗಳನ್ನು ಎತ್ತಿ ಗೋಡೆಗೆ ಒತ್ತಿ ಇಟ್ಟಳು. ಪೆನ್ನು ಕೊಟ್ಟು, ಕೆಳಗೆ 'ಕೇಳಿದೆ' ಎಂದು ಬರೆದುಕೊಡು ಎನ್ನೋಣವೆಂದಿದ್ದೆ, ಹೇಳಲು ಬಾಯಿ ಬರಲಿಲ್ಲ. ಹಾಳೆಯ ಕೆಳಗೆ ಆ ಜಾಗ ಖಾಲಿಯಿದೆ. ಜೋರಾಗಿಯೇ ಓದಿದ್ದೆ, ಆಪಾ... ಹಿಂದೆ ಕೂತವರಿಗೂ ಕೇಳುವಷ್ಟು ಜೋರಾಗಿ. ಹಿಂದೆ ಯಾರೂ ಇರಲಿಲ್ಲ.